ಪರಪ್ಪನ ಕಡ್ಲಿ ವಿಶ್ವವಿದ್ಯಾಲಯ

ದಾಕ್ಷಾಯಿಣಿ: ಅಪ್ಪಾ, ನನ್ನ ಟ್ರಂಕಿನ್ಯಾಗ ಈ ಕಡ್ಲಿ ಚೀಲ ಯಾರ ಇಟ್ರು?

ಪರಪ್ಪ: ನಾನ ಇಟ್ಟೇನಿ. ತಗೀಬ್ಯಾಡ. ಅದು ನಿಮ್ಮ ಪ್ರೊಫೆಸರ್ ಸಾಹೇಬ್ರಿಗೆ. ನಮ್ಮ ಎರಿ ಹೊಲದ ಕಡ್ಲಿ ಎಂಥಾದ್ದು ಅಂತ ಒಮ್ಮೆ ನೋಡ್ಲಿ ಅವರೂ.

ದಾಕ್ಷಾಯಿಣಿ: ಅವರು ಕಡ್ಲಿ ತಗೊಂಡು ಏನ ಮಾಡ್ತಾರಪಾ?

ಪರಪ್ಪ: ಕಡ್ಲಿ ವಿಜ್ಞಾನದ ಪ್ರೊಫೆಸರ್ ಕಡ್ಲಿ ತಗೊಂಡು ಏನ ಮಾಡ್ತಾನ ಅಂತ ನನ್ನ ಕೇಳ್ತೀಯಲ್ಲ! ಪರೀಕ್ಷಾ ಮಾಡ್ತಾನ.

ದಾಕ್ಷಾಯಿಣಿ: ಕಡ್ಲಿ ಅಲ್ಲಪಾ, ಕಡಲು! ಕಡಲ ವಿಜ್ಞಾನ! ಕಡಲು ಅಂದ್ರ ಸಮುದ್ರ. ದರ್ಯಾ!

ಪರಪ್ಪನ ಬಾಯಿಯ ಹತ್ತಿರ ಬಂದಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಮಗಳಿಗೆ ಕರಾವಳಿಯ ಸರಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕ ಸುದ್ದಿ ಫೋನಿನಲ್ಲಿ ಬಂದಾಗ ಪರಪ್ಪ ಮೂಡಲಗಿ ಸಂತೆಯ ನಟ್ಟನಡುವೆ ನಿಂತಿದ್ದ. ಒಂದು ಕಡೆ ಕುರಿ ಒದರುತ್ತಿದ್ದವು, ಇನ್ನೊಂದು ಕಡೆ ಉಳ್ಳಾಗಡ್ಡಿಯವರು ಒದರುತ್ತಿದ್ದರು. ಆ ಗದ್ದಲದಲ್ಲಿ ಕಡಲು ಕಡ್ಲಿಯಾಗಿ ಅವನ ಕಿವಿಗೆ ಬಿತ್ತು. ಹೊಟ್ಟೆಗೆ ಬೇಕಾದ ಕಾಳಿನ ಬಗ್ಗೆ ಸರಕಾರ ಕಡೆಗೂ ಒಂದು ವಿಶ್ವವಿದ್ಯಾಲಯ ತೆರೆಯಿತಲ್ಲ ಎಂದು ಆತ ಅಲ್ಲೇ ನಾಲ್ಕು ಮಂದಿಯನ್ನು ಕರೆದು ಭಾಷಣ ಮಾಡಿದ. ಸೊಸೈಟಿಯ ಮಾಜಿ ಡೈರೆಕ್ಟರ್. ನಾಲ್ಕು ಮಂದಿ ಕಂಡರೆ ಭಾಷಣ ತಾನಾಗಿ ಬರುತ್ತಿತ್ತು. ಕೊಣ್ಣೂರಿನ ಮುತ್ತಪ್ಪನಿಗಂತೂ, ನನ್ನ ಮಗಳು ಕಲಿತು ಬರುವ ತನಕ ತಡೆ, ಆಮೇಲೆ ನಿನ್ನ ಹೊಲದ ಕಡ್ಲಿಗೆ ಕೀಡಿ ಬಿದ್ದರೆ ನನ್ನನ್ನು ಕೇಳು ಎಂದು ಮಾತು ಕೊಟ್ಟಿದ್ದ.

ಪರಪ್ಪ: ಲಕ್ಕವ್ವಾ! ಏ ಲಕ್ಕವ್ವಾ! ಹೊರಗ ಬಾ. ನಿನ್ನ ಮಗಳು ದರ್ಯಾಕ್ಕ ಹೊಂಟಾಳಂತ!

ಲಕ್ಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳ ಮುಖದಲ್ಲಿ ಸ್ವಲ್ಪವೂ ಆಶ್ಚರ್ಯವಿರಲಿಲ್ಲ. ಪರಪ್ಪನಿಗೆ ಅದೇ ಅನುಮಾನ ತಂದಿತು.

ಪರಪ್ಪ: ಅಡ್ಮಿಶನ್ನಿಗೆ ಆಕೀ ಸಂಗಾಟ ಹೋದಾಕಿ ನೀ. ಅಲ್ಲೇನ ಕಡ್ಲಿ ಗಿಡ ಕಂಡೀ ಏನು?

ಲಕ್ಕವ್ವ: ಒಂದೂ ಇಲ್ಲ.

ಪರಪ್ಪ: ಮತ್ತ ಬಂದು ಹೇಳಬೇಕಿಲ್ಲೋ?

ಲಕ್ಕವ್ವ: ನೀವು ಕೇಳಿದ್ರೇನು? ನಾ ಬಸ್ ಇಳಿಯೂದ್ರಾಗ ಊರ ತುಂಬ ಕಡ್ಲಿ ಬಿತ್ತಿ ಬಿಟ್ಟಿದ್ರಿ. ಅದೂ ಅಲ್ದ, ಖರೆ ಹೇಳಿದ್ರ ಹುಡುಗೀನ್ನ ಕಳಸ್ತಿದ್ರೇನು?

ಪರಪ್ಪ: ಈಗೂ ಕಳಸೂದಿಲ್ಲ! ಸಂಜಿ ಬಸ್ಸೂ ಇಲ್ಲ, ಗಿಸ್ಸೂ ಇಲ್ಲ. ಟ್ರಂಕ್ ಒಳಗ ಇಡು.

ದಾಕ್ಷಾಯಿಣಿ: ಅಪ್ಪಾ, ನಾಳೆ ಹಾಜರ ಆಗಲಿಲ್ಲಂದ್ರ ಸೀಟ ಹೋಗ್ತೈತಿ. ಒಮ್ಮೆ ಪೂರಾ ಕೇಳಿಯಾರ ಕೇಳು. ಎಷ್ಟ ದೊಡ್ಡ ವಿಶ್ವವಿದ್ಯಾಲಯ ಅಂತೀ! ಗುಡ್ಡದ ಮ್ಯಾಲ ಐತಿ. ತುಂಬ ಗೇರ ಮರ.

ಪರಪ್ಪ ಬಸಿ ಕೆಳಗಿಟ್ಟು, ಬೆನ್ನಿಗೆ ತಲೆದಿಂಬು ಕೊಟ್ಟುಕೊಂಡು, ವಿಚಾರಣೆಗೆ ಕೂತವನಂತೆ ಕೂತ.

ಪರಪ್ಪ: ಆತು, ಹೇಳು. ಅಲ್ಲಿ ಎಲ್ಲಾರಕಿಂತ ದೊಡ್ಡವರು ಯಾರು?

ದಾಕ್ಷಾಯಿಣಿ: ಕುಲಪತಿಗಳು.

ಪರಪ್ಪ: ಯಾವ ಕುಲ?

ಲಕ್ಕವ್ವ: ಅಯ್ಯ ಶಿವನ! ಬಸವ ಜಯಂತಿ ದಿನ ಮೈಕ್ ಹಿಡದು, ಯಾರಿಗೂ ಕುಲ ಕೇಳಬ್ಯಾಡ್ರಿ ಅಂತ ಒದರವರು ನೀವ ಅಲ್ಲೇನ್ರಿ?

ಪರಪ್ಪ: ಅದು ಭಾಷಣ. ಇದು ಚೌಕಶಿ. ಮುಂದ ಹೇಳವಾ.

ದಾಕ್ಷಾಯಿಣಿ: ಬಾಳ ವಿಭಾಗ ಅದಾವ. ಮತ್ತ ಪೀಠಗಳೂ ಅದಾವ.

ಪರಪ್ಪನ ಮುಖ ಮೊದಲ ಸಲ ಸ್ವಲ್ಪ ಸಡಿಲಾಯಿತು.

ಪರಪ್ಪ: ಪೀಠ? ಹಂಗಾರ ಮಠ ಇದ್ದಂಗ ಐತಿ ಅನ್ನು. ಯಾವ ಸ್ವಾಮಿಗಳು ಕುಂಡ್ರತಾರ?

ದಾಕ್ಷಾಯಿಣಿ: ಸ್ವಾಮಿಗಳು ಅಲ್ಲಪಾ. ಒಂದೊಂದು ವಿಷಯದ ಸಂಶೋಧನಾಕ್ಕ ಒಂದೊಂದು ಪೀಠ. ಅದರಾಗ ಒಂದೆರಡು ಖಾಲಿ ಅದಾವಂತ.

ಪರಪ್ಪ: ಪೀಠ ಖಾಲಿ? ಮರಿ ಸ್ವಾಮಿ ಮಾಡಿಲ್ಲೇನು? ನಮ್ಮ ಕಡೆ ಸ್ವಾಮಿಗಳಿಗೆ ನೆಗಡಿ ಬಂದ್ರ ಸಾಕು, ಮುಂದಿನ ಮರಿ ಯಾರು ಅಂತ ಭಕ್ತರು ಕೂಡಿ ಬಡದಾಡ್ತಾರ. ಅಲ್ಲಿ ಪೀಠ ಖಾಲಿ ಇದ್ರೂ ಯಾರೂ ಬಡದಾಡಾಂಗಿಲ್ಲಂದ್ರ ಏನ ವಿಶ್ವವಿದ್ಯಾಲಯ ಅದು!

ದಾಕ್ಷಾಯಿಣಿ: ಬಡದಾಡ್ತಾರಂತಪಾ. ಕೋರ್ಟಿನ್ಯಾಗ.

ಪರಪ್ಪ: ಹಾಂ, ಹಂಗ ಹೇಳು. ಮತ್ತ ಕಲಸವರು?

ದಾಕ್ಷಾಯಿಣಿ: ಪ್ರೊಫೆಸರ್ ಅದಾರ. ಬಾಳಷ್ಟು ಮಂದಿ ಅತಿಥಿ ಉಪನ್ಯಾಸಕರ ಕಲಸ್ತಾರ.

ಪರಪ್ಪ: ಅತಿಥಿ ಅಂದ್ರ? ಬೀಗರು ಬಂದಂಗ ಬಂದು, ಹೋಳಿಗಿ ಉಂಡು, ಎರಡ ಮಾತ ಹೇಳಿ ಹೋಗವರೇನು?

ದಾಕ್ಷಾಯಿಣಿ: ಹೋಗೂದಿಲ್ಲಪಾ. ನಮ್ಮ ವಿಭಾಗದಾಗ ಒಬ್ಬರು ಹದಿನೈದು ವರ್ಷದಿಂದ ಅತಿಥಿನ ಅದಾರಂತ.

ಪರಪ್ಪ: ಹದಿನೈದು ವರ್ಷ ಅತಿಥಿ! ಲಕ್ಕವ್ವಾ, ನಿನ್ನ ತಮ್ಮನಕಿಂತ ಗಟ್ಟಿಗ ಇದ್ದಾನ ನೋಡು ಅಂವ.

ಲಕ್ಕವ್ವ: ನನ್ನ ತಮ್ಮ ಸುದ್ದಿ ಯಾಕ್ರಿ ಈಗ? ಪಾಪ, ನಾಲ್ಕ ತಿಂಗಳ ಇದ್ದು ಹೋದಾ.

ಪರಪ್ಪ: ಹೋದಾ ಅಂತೀ? ಅಂವ ಹೋದನೋ, ನಾ ಟಿಕೆಟ್ ತಗಸಿ ಬಸ್ಸಿನ್ಯಾಗ ಕುಂಡ್ರಿಸಿ ಬಂದ್ನೋ?

ಮಾತು ಕಡಲು ಬಿಟ್ಟು ತವರುಮನೆಯ ಕಡೆ ಹೊರಳಿತೆಂದು ದಾಕ್ಷಾಯಿಣಿ ಅವಸರದಿಂದ ನಡುವೆ ಬಂದಳು.

ದಾಕ್ಷಾಯಿಣಿ: ಕೇಳಪಾ, ಸ್ನಾತಕೋತ್ತರ ಅಂದ್ರ ಸಣ್ಣ ಮಾತಲ್ಲ.

ಪರಪ್ಪ: ಏನಂದಿ? ಸ್ನಾನ?

ದಾಕ್ಷಾಯಿಣಿ: ಸ್ನಾತಕೋತ್ತರ! ಎಂ.ಎಸ್ಸಿ.ಗೆ ಹಂಗಂತಾರ.

ಪರಪ್ಪ: ತಿಳೀತ. ದರ್ಯಾದಾಗ ಸ್ನಾನ ಮಾಡಿ ಬಂದ ಮ್ಯಾಲ ಉತ್ತರ ಬರೀಬೇಕು. ನೆಗಡಿ ಆದ್ರ ಯಾರ ಜವಾಬ್ದಾರಿ?

ಲಕ್ಕವ್ವ: ನಿಮ್ಮದಂತೂ ಅಲ್ಲ. ಮಗಳಿಗೆ ನೆಗಡಿ ಆದಾಗ ಎದ್ದು ಕಷಾಯ ಕಾಸೀರೇನು ಒಂದ ದಿನಾರ?

ದಾಕ್ಷಾಯಿಣಿ: ಅಪ್ಪಾ, ಬಡವರು, ಕೆಲಸಾ ಮಾಡವರು ಮನ್ಯಾಗ ಕುಂತ ಓದಲಿ ಅಂತ ದೂರ ಶಿಕ್ಷಣಾನೂ ಐತಿ ಅಲ್ಲಿ. ಅಷ್ಟು ಕಾಳಜಿ ಅವರಿಗೆ.

ಪರಪ್ಪ: ಗೋಕಾಕದಿಂದ ಅದ ಅಷ್ಟು ದೂರ. ಅಲ್ಲಿಂದ ಮತ್ತ ದೂರ ಎಲ್ಲಿಗೆ ಕಳಸ್ತಾರ? ಇರ್ಲಿ. ಈಗ ಒಂದ ಮಾತ ನನ್ನ ಮಾರಿ ನೋಡಿ ಹೇಳು. ದರ್ಯಾದ ವಿಜ್ಞಾನದಾಗ ಮೀನ ಬರ್ತಾವೇನು?

ದಾಕ್ಷಾಯಿಣಿ ತಾಯಿಯ ಮುಖ ನೋಡಿದಳು. ತಾಯಿ ಹಿಟ್ಟಿನ ಕೈ ನೋಡಿಕೊಂಡಳು.

ದಾಕ್ಷಾಯಿಣಿ: ಒಂದ ಪಾಠದಾಗ ಬರ್ತಾವ.

ಪರಪ್ಪ: ಮುಗೀತು! ಕೊರಳಾಗ ಲಿಂಗ ಕಟಗೊಂಡಾಕಿ ಮೀನ ಕಲೀತಾಳ!

ಲಕ್ಕವ್ವ: ಕಲೀತಾಳರಿ, ತಿನ್ನಾಂಗಿಲ್ಲ. ಪೊಲೀಸರು ಕಳ್ಳತನದ ಬಗ್ಗೆ ಕಲೀತಾರ. ಕಳ್ಳತನ ಮಾಡ್ತಾರೇನು?

ಪರಪ್ಪ ಉತ್ತರ ಹೇಳಲು ಬಾಯಿ ತೆರೆದ. ಹುಕ್ಕೇರಿ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ಪೊಲೀಸರಿಗೆ ರಸೀದಿಯಿಲ್ಲದೆ ದುಡ್ಡು ಕೊಟ್ಟ ಅನುಭವ ನೆನಪಾಗಿ ಆ ವಿಷಯ ಬೇಡವೆಂದು ಮುಚ್ಚಿದ. ಅಷ್ಟರಲ್ಲಿ ಅಂಗಳದಲ್ಲಿ ಮೋಟರ್‌ಸೈಕಲ್ ನಿಂತ ಸದ್ದಾಯಿತು. ಬಂದವನು ಸಂಕೇಶ್ವರದ ಉದ್ದಪ್ಪ, ಲಕ್ಕವ್ವನ ತಂಗಿಯ ಗಂಡ. ಆಳು ಗಿಡ್ಡ, ಮಾತು ಮಾತ್ರ ಹೆಸರಿಗೆ ತಕ್ಕಂತೆ. ಪರಪ್ಪನ ಮನೆಯಲ್ಲಿ ಏನು ಒಳ್ಳೆಯದಾದರೂ ಅದರಲ್ಲಿ ಎಲ್ಲಿ ತೂತಿದೆ ಎಂದು ನೋಡಲು ಅಷ್ಟು ದೂರದಿಂದ ಪೆಟ್ರೋಲು ಸುಟ್ಟುಕೊಂಡು ಬರುವ ಏಕೈಕ ಬಂಧು.

ಉದ್ದಪ್ಪ: ಏನ್ರಿ ಪರಪ್ಪಣ್ಣ, ಎಲ್ಲಿ ನಮ್ಮ ಕಡ್ಲಿ ಸೈಂಟಿಸ್ಟ್? ತಂಗೀ, ನೀ ಹೋಗೂದ್ರಾಗ ಹಿಡೀಬೇಕಂತ ಓಡಿ ಬಂದೆ. ನೋಡಿಲ್ಲೆ, ಮನ್ಯಾಗಿಟ್ಟ ಕಡ್ಲಿಗೆ ಹುಳ ಬಿದ್ದೈತಿ. ಏನ ಎಣ್ಣಿ ಹೊಡೀಬೇಕು?

ಆತ ಕರವಸ್ತ್ರ ಬಿಚ್ಚಿದ. ಹುಳಗಳು ಪಡಸಾಲೆಯ ಮೇಲೆ ಸ್ವತಂತ್ರವಾಗಿ ಓಡಾಡತೊಡಗಿದವು.

ದಾಕ್ಷಾಯಿಣಿ: ಕಾಕಾ, ನಂದು ಕಡ್ಲಿ ಅಲ್ರಿ. ಕಡಲು. ಸಮುದ್ರ.

ಉದ್ದಪ್ಪ ಒಮ್ಮೆ ಹುಡುಗಿಯನ್ನು, ಒಮ್ಮೆ ಪರಪ್ಪನನ್ನು ನೋಡಿದ. ಆಮೇಲೆ ಕಂಬ ಹಿಡಿದುಕೊಂಡು ನಗಲು ಶುರುಮಾಡಿದ. ನಗುವಿನ ನಡುವೆ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಗು ಬಂತು.

ಉದ್ದಪ್ಪ: ಸಂಕೇಶ್ವರ ತುಂಬ ಹೇಳ್ತೇನ್ರಿ! ಪರಪ್ಪಣ್ಣ ಕಡ್ಲಿ ಅಂತ ತಿಳಕೊಂಡು ದರ್ಯಾಕ್ಕ ಸೀಟ ತಗೊಂಡಾನ ಅಂತ!

ಆ ನಗು ಪರಪ್ಪನಿಗೆ ಸೊಸೈಟಿ ಚುನಾವಣೆಯಲ್ಲಿ ಸೋತ ದಿನ ಕೇಳಿದ ಪಟಾಕಿಯಂತೆ ಕೇಳಿಸಿತು. ಆತ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ಟೋಪಿ ಸರಿಯಾಯಿತೆಂದರೆ ಭಾಷಣ ಬಂತೆಂದೇ ಅರ್ಥ.

ಪರಪ್ಪ: ಯಾರ ಕಡ್ಲಿ ಅಂದವರು? ನಾ ಮೊದಲಿಂದ ಕಡಲು ಅಂತನ ಹೇಳಾಕತ್ತೇನಿ!

ಲಕ್ಕವ್ವ: ಆಂ?

ಪರಪ್ಪ: ನೀ ಸುಮ್ಮನಿರು. ಉದ್ದಪ್ಪ, ನಿಮ್ಮ ಸಂಕೇಶ್ವರದ ಕಿವಿಗೆ ಎಲ್ಲಾ ಮಾತಿನ ಕಡೀಗೂ ಒಂದೊಂದು ‘ಇ’ ಕೇಳಸ್ತೈತಿ. ಅದಕ್ಕ ನಾ ಏನ ಮಾಡ್ಲಿ?

ಉದ್ದಪ್ಪ: ಮೊನ್ನೆ ನನಗ ಫೋನಿನ್ಯಾಗ ಕಡ್ಲಿ ಹೊಟ್ಟು, ಹೊರಿ ಅಂತ ಹೇಳಿದ್ರೆಲ್ರಿ. ದರ್ಯಾಕ್ಕ ಹೊಟ್ಟು ಎಲ್ಲಿಂದ ಬಂತು?

ಪರಪ್ಪ: ಅಲಿ! ದರ್ಯಾದ ಅಲಿಗೋಳು ಹೊರಿ ಹೊರಿ ಬಂದು ಬೀಳ್ತಾವ ಅಂದಿದ್ದೆ. ಬರೀ ನೊರಿ, ಹೊಟ್ಟು ಹಾರಿದಂಗ. ನಿಮಗ ಪೂರಾ ಕೇಳೂ ರೂಢಿನ ಇಲ್ಲ.

ದಾಕ್ಷಾಯಿಣಿ ನಗು ಕಾಣದಂತೆ ಓಢಣಿ ಬಾಯಿಗೆ ಅಡ್ಡ ಹಿಡಿದಳು.

ಉದ್ದಪ್ಪ: ಆತಪಾ, ದರ್ಯಾನ ಇರ್ಲಿ. ಅದನ್ನ ಕಲತು ನಮ್ಮ ಕಡೆ ಏನ ಮಾಡೂದು?

ಪರಪ್ಪ: ಏನ ಮಾಡೂದು ಅಂತ ಕೇಳ್ತೀರಿ? ಅದು ಎಂಥಾ ವಿಶ್ವವಿದ್ಯಾಲಯ ಗೊತ್ತೈತೇನು? ಗುಡ್ಡದ ಮ್ಯಾಲ ಐತಿ. ಪೀಠ ಎಷ್ಟ ಬೇಕಷ್ಟು ಅದಾವ. ಎರಡ ಖಾಲಿ ಇಟ್ಟಾರ, ನನ್ನ ಮಗಳಂಥವರು ಬರ್ಲಿ ಅಂತ. ಜಾಗಾ ಎಷ್ಟ ಛಲೋ ಅಂದ್ರ, ಅತಿಥಿ ಅಂತ ಬಂದವರು ಹದಿನೈದು ವರ್ಷ ಆದ್ರೂ ಹೊಳ್ಳಿ ಹೋಗವಲ್ರು!

ಉದ್ದಪ್ಪ: ಅಲ್ರಿ, ನಮ್ಮೂರಾಗ ಸಮುದ್ರನ ಇಲ್ಲಲ್ರಿ?

ಪರಪ್ಪ: ನಮ್ಮ ಘಟಪ್ರಭಾ ಎಲ್ಲಿಗೆ ಹೋಗ್ತಾಳ? ಕೃಷ್ಣಾಕ್ಕ. ಕೃಷ್ಣಾ ಎಲ್ಲಿಗೆ ಹೋಗ್ತಾಳ? ದರ್ಯಾಕ್ಕ. ಇಷ್ಟು ವರ್ಷ ನಮ್ಮ ನೀರು ಹೋಗಿ ಹೋಗಿ ಅಲ್ಲಿ ಬಿದ್ದೈತಿ. ಅದೇನ ಆತು ಅಂತ ನಮ್ಮ ತಾಲೂಕಿನಿಂದ ಒಬ್ಬರಾರ ಹೋಗಿ ಕೇಳ್ಯಾರೇನು? ನನ್ನ ಮಗಳು ಕೇಳ್ತಾಳ!

ದಾಕ್ಷಾಯಿಣಿ: ಅಪ್ಪಾ, ಕೃಷ್ಣಾ ಹೋಗೂದು ಮೂಡಲ ಕಡೆ ಸಮುದ್ರಕ್ಕ. ನಾ ಹೊಂಟದ್ದು ಪಡುವಲ ಕಡೆಗೆ.

ಪರಪ್ಪ: ತಳದಾಗ ಎಲ್ಲಾ ಕೂಡಿರ್ತಾವ! ಸಣ್ಣ ಸಣ್ಣದಕ್ಕ ನಡುವ ಬಾಯಿ ಹಾಕಬ್ಯಾಡ.

ಉದ್ದಪ್ಪ: ಮತ್ತ ಮೀನು?

ಪರಪ್ಪ: ಮೀನಿನ ಬಗ್ಗೆ ಕಲೀತಾಳ, ತಿನ್ನಾಂಗಿಲ್ಲ. ಪೊಲೀಸರು... ಅದಿರ್ಲಿ. ಇವತ್ತ ಸಂಜಿ ಬಸ್ಸಿಗೆ ನನ್ನ ಮಗಳು ಹೋಗ್ತಾಳ. ನಾನ ಗೋಕಾಕಿಗೆ ಹೋಗಿ ಹತ್ತಿಸಿ ಬರ್ತೇನಿ. ತಿಳೀತ?

ಮಾತು ಬಾಯಿಂದ ಬಿದ್ದ ಮೇಲೆಯೇ ಪರಪ್ಪನಿಗೆ ತಾನು ಏನು ಹೇಳಿದೆನೆಂಬುದು ಕೇಳಿಸಿತು. ತಿರುಗಿ ನೋಡಿದ. ಲಕ್ಕವ್ವ ಆಗಲೇ ಕಡ್ಲಿ ಚೀಲ ಹೊರಗಿಟ್ಟು, ಟ್ರಂಕಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಗಂಡ ಮಾತು ಬದಲಿಸುವುದರೊಳಗೆ ಕೆಲಸ ಮುಗಿಸುವುದು ಅವಳಿಗೆ ಸಂಸಾರ ಕಲಿಸಿದ ವಿದ್ಯೆ.

ಉದ್ದಪ್ಪನಿಗೆ ಮಾತ್ರ ಬಂದ ಪೆಟ್ರೋಲು ವಸೂಲಾಗಿರಲಿಲ್ಲ. ತೂತು ಅಪ್ಪನಲ್ಲಿ ಸಿಗದಿದ್ದರೆ ಮಗಳಲ್ಲಾದರೂ ಸಿಗಬಹುದೆಂದು ಆಕೆಯ ಕಡೆ ತಿರುಗಿದ.

ಉದ್ದಪ್ಪ: ಅಲ್ಲವಾ ತಂಗೀ, ಅಡ್ಮಿಶನ್ನಿಗೆ ಹೋದಾಗ ನೀ ದರ್ಯಾ ನೋಡಿ ಬಂದಿರಬೇಕು. ನಮ್ಮ ಹಿರಣ್ಯಕೇಶಿ ದಂಡಿಗೆ ನಿಂತ್ರ ಆಚೀ ದಂಡಿ ಮ್ಯಾಲ ಯಾರ ಅದಾರ, ಯಾರ ಮಗಳು ಯಾರ ಸಂಗಾಟ ಮಾತಾಡಾಕತ್ತಾಳ, ಎಲ್ಲಾ ಹೆಸರ ಹಿಡದ ಹೇಳ್ತೇವಿ. ಅಷ್ಟ ದೊಡ್ಡ ದರ್ಯಾದ ದಂಡಿ ಮ್ಯಾಲ ನಿಂತ್ರ ಆಚೀ ಕಡೆ ಯಾರ ಯಾರ ಕಾಣಸ್ತಾರ?

ದಾಕ್ಷಾಯಿಣಿ: ಯಾರೂ ಕಾಣಸೂದಿಲ್ಲರಿ ಕಾಕಾ. ಅದಕ್ಕ ಹೊಂಟೇನಿ.