ಅತ್ತೆಯ ಕೈ ತೊಳೆಯದ ವ್ರತ

ನಮ್ಮ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಅದು ಒಬ್ಬರದಾಗಿ ಉಳಿಯುವುದೇ ಇಲ್ಲ. ಔಷಧಿ ಒಬ್ಬರಿಗೆ, ಡಾಕ್ಟರ ಹತ್ತಿರ ಬೈಸಿಕೊಳ್ಳುವವರು ಮನೆಮಂದಿಯೆಲ್ಲ. ಹಾಗಾಗಿ ಏನಾದರೊಂದು ನಗೆಪಾಟಲು ನಡೆಯುತ್ತಲೇ ಇರುತ್ತದೆ. ಅದರಲ್ಲೂ ಹೋದ ವರ್ಷ ನಮ್ಮತ್ತೆಯವರ ಚಿಕಿತ್ಸೆ ಆಯಿತಲ್ಲ, ಆಗ ನಡೆದದ್ದನ್ನು ನೆನೆಸಿಕೊಂಡು ಆಫೀಸಿನಲ್ಲಿ ಈಗಲೂ ಒಬ್ಬಳೇ ನಗುತ್ತೇನೆ. ಪಕ್ಕದ ಸೀಟಿನವಳು "ಎನ್ನಾಚ್ಚು ಮೇಡಂ?" ಅಂತ ಹೆದರಿಕೊಂಡು ಕೇಳುತ್ತಾಳೆ. ಏನಾಯಿತು ಅಂದರೆ ಎಲ್ಲಿಂದ ಶುರು ಮಾಡಲಿ, ಹೇಳಿ!

ಮಡಿಯ ಕೀರ್ತಿ

ನಾನು ಮೈಸೂರು ಕಡೆಯವಳು. ಸೇರಿದ್ದು ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆ. ಮೊದಲು ತಿರುವಲ್ಲಿಕ್ಕೇಣಿಯಲ್ಲಿದ್ದರು, ಈಗ ಪೋರೂರಿನ ಫ್ಲ್ಯಾಟು. ಅತ್ತೆಯವರು ಕೈ ತೊಳೆಯುವುದು ನಮ್ಮ ಬಂಧುಬಳಗದಲ್ಲೆಲ್ಲ ಹೆಸರುವಾಸಿ. ಬಾಗಿಲ ಹಿಡಿ ಮುಟ್ಟಿದರೆ ತೊಳೆಯಬೇಕು, ಹಾಲಿನ ಪ್ಯಾಕೆಟ್ ಮುಟ್ಟಿದರೆ ತೊಳೆಯಬೇಕು. ತೊಳೆದು ಮುಗಿದ ಮೇಲೆ ನಲ್ಲಿ ಮುಟ್ಟಿ ನಿಲ್ಲಿಸಿದೆನಲ್ಲ ಅಂತ ನಲ್ಲಿಯನ್ನು ತೊಳೆದು, ನಲ್ಲಿ ತೊಳೆದ ಕೈಯನ್ನು ಮತ್ತೆ ತೊಳೆಯಬೇಕು.

"ಆಹಾ, ಮಡಿ ಅಂದರೆ ಇದಪ್ಪಾ!" ಅಂತ ನೆಂಟರು ಹೊಗಳುವರು. ಮದುವೆಮನೆಗಳಲ್ಲಿ ಹೊಸ ಸೊಸೆಯರಿಗೆ ಇವರನ್ನು ತೋರಿಸಿ "ನೋಡಿ ಕಲೀರಮ್ಮಾ" ಅನ್ನುವರು. ಬೇಸಿಗೆಯಲ್ಲಿ ನೀರಿನ ಲಾರಿಗೆ ಬಾಯಿ ಬಾಯಿ ಬಿಟ್ಟುಕೊಂಡು ಕಾಯುವವಳು ನಾನು. ಆ ಕೀರ್ತಿಯ ಕಷ್ಟ ನನಗೊಬ್ಬಳಿಗೇ ಗೊತ್ತಿತ್ತು.

ಹೀಗಿರುವಾಗ ನನ್ನ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಮಗು, ಬೆಣ್ಣೆಮುದ್ದೆ. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಲಾಲಿ ಹಾಡುವರು, ಒಳಗೆ ಮಾತ್ರ ಬರರು. ಮಗುವನ್ನು ಕೊಡಹೋದರೆ "ಇರೇ, ಕೈ ತೊಳ್ಕೊಂಡು ಬಂದೆ" ಅಂತ ಬಚ್ಚಲಿಗೆ ಹೋಗುವರು. ಅವರು ಹೊರಗೆ ಬರುವ ಹೊತ್ತಿಗೆ ಮಗು ಹಾಲು ಕುಡಿದು, ಆಟ ಆಡಿ, ನಿದ್ದೆಯೂ ಹೋಗಿರುತ್ತಿತ್ತು.

ನನ್ನ ಮಗಳು ಮದುವೆಯಾಗಿರುವುದು ತನ್ನ ಜೊತೆ ಕೆಲಸ ಮಾಡುವ ತಮಿಳು ಹುಡುಗನನ್ನು. ಅವಳಿಗೆ ಏನನ್ನಿಸಿರಬೇಡ? ಒಂದು ದಿನ ಸಿಡಿದೇಬಿಟ್ಟಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ಕನ್ನಡ ಮಾಯ, ಬರೀ ತಮಿಳು. ತನ್ನ ಗಂಡ ಬೇರೆ ಜಾತಿಯವನು ಅಂತ ತಾನೇ ಅಜ್ಜಿ ಮಗುವನ್ನು ಮುಟ್ಟದೆ ಇರುವುದು? ಬಾಣಂತನ ಮುಗಿದದ್ದೇ ತಿರುವೊಟ್ಟಿಯೂರಿನ ತನ್ನ ಅತ್ತೆ ಮನೆಗೆ ಹೋಗುತ್ತೇನೆ, ಆಮೇಲೆ ಮಗುವನ್ನು ಈ ಮನೆಗೆ ಕರೆದುಕೊಂಡೇ ಬರುವುದಿಲ್ಲ ಅಂದಳು.

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. "ಅಯ್ಯೋ, ಮಗು ಮೈಲಿಗೆ ಅಂತ ಅಲ್ಲ ಕಣ್ಣಾ. ನನ್ನ ಕೈಯೇ ಸರಿಯಿಲ್ಲ. ಎಷ್ಟು ತೊಳೆದ್ರೂ ಏನೋ ಅಂಟಿಕೊಂಡಿದೆ ಅನ್ಸತ್ತೆ. ನನ್ನಿಂದ ಆ ಕೂಸಿಗೆ ಏನಾದ್ರೂ ಆಗಿಬಿಟ್ರೆ?" ಅಂತ ಬಿಕ್ಕಿ ಬಿಕ್ಕಿ ಅತ್ತರು. ಆಗ ನಾವೆಲ್ಲ ಆ ಕೈಗಳನ್ನು ಸರಿಯಾಗಿ ನೋಡಿದೆವು. ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. 

ಮರುದಿನವೇ ಚರ್ಮದ ಡಾಕ್ಟರ ಹತ್ತಿರ ಹೊರಟೆವು. "ಪಾಟಿ ದಿನಕ್ಕೆ ಎಷ್ಟು ಸಲ ಕೈ ತೊಳೀತಾರೆ?" ಅಂತ ಅವರು ಅಜ್ಜಿಯನ್ನು ತಮಿಳಿನಲ್ಲಿ ಪಾಟಿ ಅಂದು ಕೇಳಿದ್ದೇ ತಡ, ನಮ್ಮ ಯಜಮಾನರು ಎದೆಯುಬ್ಬಿಸಿ, "ಲೆಕ್ಕ ಯಾರು ಇಟ್ಟಿದಾರೆ ಸಾರ್! ನಮ್ಮ ಪೈಕಿ ಇವರನ್ನ ಮೀರಿಸೋರೇ ಇಲ್ಲ" ಅಂದರು. ಡಾಕ್ಟರು ಯಜಮಾನರನ್ನು ಒಂದು ಥರಾ ನೋಡಿದರು. ಮುಲಾಮು ಬರೆದು, ಅದರ ಕೆಳಗೆ ಮನೋವೈದ್ಯರೊಬ್ಬರ ಹೆಸರನ್ನೂ ಬರೆದು, "ಮುಲಾಮು ಪಾಟಿಗೆ ಮಾತ್ರ. ಇಲ್ಲಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ" ಅಂದರು.

ಹಲ್ಲು ನೋವು

ಮನೋವೈದ್ಯರು ಅಂದ ಕೂಡಲೇ ಯಜಮಾನರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ನಮ್ಮವರು ಯಾರಾದ್ರೂ ನೋಡಿದ್ರೆ ಏನೇ ಹೇಳೋದು?" ಅಂತ ದಾರಿಯುದ್ದಕ್ಕೂ ಪೇಚಾಟ. ಪುಣ್ಯಕ್ಕೆ ಆ ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗವೂ ಅದೇ ಮಹಡಿಯಲ್ಲಿತ್ತು. ನಾನೂ ಅತ್ತೆಯೂ ಮನೋವೈದ್ಯರ ಕೋಣೆಯ ಮುಂದೆ ಕೂತರೆ, ಈ ಮಹಾರಾಯರು ಹೋಗಿ ಹಲ್ಲಿನ ಡಾಕ್ಟರ ಬೋರ್ಡಿನ ಕೆಳಗೆ ಕೂತರು.

ಅಲ್ಲಿ ನೋಡಿದರೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು! ಮಠದಲ್ಲಿ ಪ್ರತಿ ಗುರುವಾರ ಸಿಗುವವರು.

"ಏನ್ ಸಾರ್ ಇಲ್ಲಿ?" ಅಂದರು ಮೇಷ್ಟ್ರು.

"ನಮ್ಮ ತಾಯಿಗೆ ಹಲ್ಲು ನೋವು. ನೀವು?"

"ನನಗೂ ಹಲ್ಲೇ ಸಾರ್" ಅಂತ ಮೇಷ್ಟ್ರು ಕೆನ್ನೆ ಸವರಿಕೊಂಡರು. ಯಜಮಾನರೂ ಯಾಕೋ ತಮ್ಮ ಕೆನ್ನೆಯನ್ನೇ ಸವರಿಕೊಂಡರು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು ಅತ್ತೆಯವರ ಹೆಸರನ್ನೂ ಅದರ ಹಿಂದೆಯೇ ಮೇಷ್ಟ್ರ ಹೆಸರನ್ನೂ ಇಡೀ ಮಹಡಿಗೆ ಕೇಳುವಂತೆ ಕೂಗಿ, "ಮನೋವೈದ್ಯರ ರೂಮು ಈ ಕಡೆ, ಅಲ್ಯಾಕೆ ಕೂತಿದೀರಿ?" ಅಂದಳು. ಇಬ್ಬರೂ ನೆಲ ನೋಡಿಕೊಂಡು ಎದ್ದು ಬಂದರು. ಪಾಪ, ಹೆಂಡತಿ ಹೋದ ಮೇಲೆ ಮೇಷ್ಟ್ರಿಗೆ ಊಟ ಬೇಡ, ನಿದ್ದೆ ಬೇಡ, ಯಾರ ಮುಖವೂ ಬೇಡ. ಖಿನ್ನತೆ ಅಂತ ಡಾಕ್ಟರು ಹೇಳಿದ್ದರಂತೆ.

ಅಲ್ಲಿಂದ ಇಬ್ಬರಿಗೂ ಎಂಥ ಸ್ನೇಹ ಬೆಳೆಯಿತು ಅಂತೀರಿ! ಈಗಲೂ ಮಠದಲ್ಲಿ ಎಲ್ಲರ ಎದುರಿಗೇ ಮಾತಾಡಿಕೊಳ್ಳುತ್ತಾರೆ, ಯಾರಿಗೂ ತಲೆಬುಡ ತಿಳಿಯುವುದಿಲ್ಲ.

"ಹಲ್ಲು ಹೇಗಿದೆ ಮೇಷ್ಟ್ರೇ?"

"ವಾಸಿ ಸಾರ್, ಈಗ ಚೆನ್ನಾಗಿ ನಿದ್ದೆ ಮಾಡತ್ತೆ. ಮೊನ್ನೆ ಪೇಪರ್ ಕೂಡ ಓದಿತು. ನಿಮ್ಮ ತಾಯಿಯವರ ಹಲ್ಲು?"

"ನಿನ್ನೆ ಹಾಲಿನ ಪ್ಯಾಕೆಟ್ ಮುಟ್ಟಿ, ಕೈ ತೊಳೀದೆ ಸುಮ್ಮನೆ ಕೂತಿತ್ತು ಸಾರ್!"

ಏಕಾದಶಿ

ಆ ಮನೋವೈದ್ಯರು, ಅಂದರೆ ನಮ್ಮ ಡಾಕ್ಟರಮ್ಮ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು, ಅಷ್ಟೇ. ತಮಿಳಿನವರು. ಅತ್ತೆಯ ಕಥೆಯನ್ನೆಲ್ಲ ಕೇಳಿಸಿಕೊಂಡರು. ಅತ್ತೆ ಕೊನೆಗೆ, "ಇದು ಮಡಿ ಅಲ್ವಾಮ್ಮಾ? ನಮ್ಮಲ್ಲಿ ಇದೆಲ್ಲ ಉಂಟು" ಅಂದರು.

"ಮಡಿ ಮಾಡಿದ ಮೇಲೆ ಮನಸ್ಸಿಗೆ ಸಮಾಧಾನ ಆಗತ್ತಾಮ್ಮಾ?" ಅಂತ ಡಾಕ್ಟರಮ್ಮ ಕೇಳಿದರು.

ಅತ್ತೆ ಬಿರಿದ ತಮ್ಮ ಕೈಗಳನ್ನು ನೋಡಿಕೊಂಡರು. "ಒಂದು ದಿನವೂ ಆಗಿಲ್ಲ" ಅಂದರು.

"ಹಾಗಾದ್ರೆ ಇದು ಮಡಿ ಅಲ್ಲ. ಇದೊಂದು ಕಾಯಿಲೆ, ತುಂಬಾ ಜನಕ್ಕೆ ಇದೆ, ಇದಕ್ಕೆ ಔಷಧಿ ಇದೆ. ನಿಮ್ಮ ತಪ್ಪೇನೂ ಇಲ್ಲ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ವರ್ಷ ಹೊಗಳಿದವರೇ ಎಲ್ಲ, ಸಮಾಧಾನ ಇದೆಯಾ ಅಂತ ಕೇಳಿದವರು ಒಬ್ಬರೂ ಇರಲಿಲ್ಲ. ಆ ಹುಡುಗಿಯನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು ನನಗೆ.

ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಭಯ ಅನ್ನುವುದು ತಲೆಯೊಳಗಿನ ವಾಚ್‌ಮನ್ ಇದ್ದ ಹಾಗೆ. ಕಳ್ಳ ಬಂದರೆ ಸೀಟಿ ಊದಬೇಕು. ಅತ್ತೆಯ ವಾಚ್‌ಮನ್ ಹಾಲಿನವನು ಬಂದರೂ ಊದುತ್ತಾನೆ, ಮನೆಯ ಮಗು ಬಂದರೂ ಊದುತ್ತಾನೆ. ಅವನು ಊದಿದಾಗಲೆಲ್ಲ ಕೈ ತೊಳೆದರೆ ತಾನು ಮಾಡಿದ್ದೇ ಸರಿ ಅಂದುಕೊಳ್ಳುತ್ತಾನೆ. "ಊದಲಿ ಬಿಡಿ. ನೀವು ತೊಳೀಬೇಡಿ. ಸುಸ್ತಾಗಿ ಅವನೇ ನಿಲ್ಲಿಸ್ತಾನೆ." ಮಾತ್ರೆಯನ್ನೂ ಬರೆದುಕೊಟ್ಟು, ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಒಂದು ದಿನವೂ ತಪ್ಪಿಸಬಾರದು ಅಂದರು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಮಾತ್ರೆಯ ಪಟ್ಟಿ ನೋಡಿದರೆ ನಡುವೆ ತಪ್ಪಿಸಿದ್ದು ಸಿಕ್ಕಿಬಿತ್ತು. "ಯಾಕಮ್ಮಾ?"

"ಅವತ್ತು ಏಕಾದಶಿ. ನೀರೂ ಮುಟ್ಟಲ್ಲ ನಾನು" ಅಂದರು ಅತ್ತೆ, ಬಹಳ ಗಂಭೀರವಾಗಿ.

"ಏಕಾದಶಿ ದಿನ ವಾಚ್‌ಮನ್ ರಜಾ ಹಾಕ್ತಾನಾ?"

ಅತ್ತೆ ಯೋಚನೆ ಮಾಡಿದರು. ಸುಳ್ಳು ಹೇಳುವವರಲ್ಲ. "ಇಲ್ಲಮ್ಮಾ, ಹೊಟ್ಟೆ ಖಾಲಿ ಇರತ್ತಲ್ಲ, ಅವತ್ತು ಓವರ್‌ಟೈಮ್ ಮಾಡ್ತಾನೆ!"

ವ್ರತ

ಡಾಕ್ಟರಮ್ಮ ಮನೆಪಾಠ ಕೊಟ್ಟಿದ್ದರು. ಬಾಗಿಲ ಹಿಡಿ ಮುಟ್ಟಬೇಕು, ಕೈ ತೊಳೆಯದೆ ಕೂರಬೇಕು. ಹೆದರಿಕೆ ಬಂದರೆ ಬರಲಿ, ತಾನಾಗಿ ಇಳಿಯುವವರೆಗೂ ಕಾಯಬೇಕು. ಹೇಳುವುದು ಸುಲಭ. ಅತ್ತೆ ಹಿಡಿ ಮುಟ್ಟುವರು, ಮುಖ ಬಿಳಿಚಿಕೊಳ್ಳುವುದು, ಎದ್ದು ಬಚ್ಚಲಿಗೆ ಓಟ. ನನ್ನ ಮಗಳಿಗೆ ಈಗ ವಿಷಯ ಗೊತ್ತಾಗಿತ್ತಲ್ಲ, ಅಜ್ಜಿಯ ಪಕ್ಕದಲ್ಲೇ ಕೂತು "ಇನ್ನೂ ಕೊಂಜ ನೇರ ಅಜ್ಜಿ, ಇನ್ನು ಸ್ವಲ್ಪ ಹೊತ್ತು" ಅನ್ನುವಳು. ಊಹೂಂ, ಆಗಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ನೋಡುತ್ತೇನೆ, ಅತ್ತೆ ದೇವರ ಮುಂದೆ ಅಕ್ಷತೆ ಹಿಡಿದು ಸಂಕಲ್ಪ ಮಾಡುತ್ತಿದ್ದಾರೆ! ಕೈ ತೊಳೆಯದ ವ್ರತವಂತೆ. "ಡಾಕ್ಟರು ಹೇಳಿದ್ರು ಅಂದ್ರೆ ಮನಸ್ಸು ಕೇಳಲ್ಲ ಕಣೇ. ವ್ರತ ಅಂತ ಹಿಡಿದುಬಿಟ್ರೆ ಬಿಡೋಕಾಗಲ್ಲ ನೋಡು" ಅಂದರು. ನಿಜಕ್ಕೂ ಅವತ್ತು ಹಿಡಿ ಮುಟ್ಟಿದವರು ಕಣ್ಣು ಮುಚ್ಚಿ ಕೂತರು. ಬೆವರು ಧಾರಾಕಾರ. ಏಳಲಿಲ್ಲ! ನಾನೂ ನನ್ನ ಮಗಳೂ ಅಡುಗೆಮನೆಯಲ್ಲಿ ಕೈ ಕೈ ಹಿಡಿದುಕೊಂಡು ನಿಂತಿದ್ದೆವು.

ಭಜನಾ ಮಂಡಳಿಯ ಹೆಂಗಸರು ಬಂದಾಗಲೂ ಅತ್ತೆ ಬಾಗಿಲ ಹಿಡಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. "ಇದ್ಯಾವ ವ್ರತ, ನಾವು ಕೇಳೇ ಇಲ್ಲವಲ್ಲ?" "ಹೊಸದು." "ಫಲ ಏನು?" "ಭಯ ಹೋಗತ್ತೆ" ಅಂದರು ಅತ್ತೆ. ಅವರಲ್ಲಿ ನಾಲ್ಕನೇ ಮಹಡಿಯ ಮಾಮಿಯೊಬ್ಬರಿದ್ದರು. ಲಿಫ್ಟು ಅಂದರೆ ಎದೆ ಡವಡವ, ಉಸಿರು ಕಟ್ಟುವುದು, ಮಂಡಿನೋವಿದ್ದರೂ ಮೆಟ್ಟಿಲೇ. ಎರಡೇ ದಿನಕ್ಕೆ ಪೆಚ್ಚುಮೋರೆ ಹಾಕಿಕೊಂಡು ಬಂದರು.

"ನಾನೂ ಬಾಗಿಲ ಹಿಡಿ ಹಿಡ್ಕೊಂಡು ನಿಂತೆ ರೀ. ನನಗೆ ವ್ರತ ಫಲಿಸಲಿಲ್ಲ, ಲಿಫ್ಟಿನ ಭಯ ಹಾಗೇ ಇದೆ."

ಅತ್ತೆ ತಿಳಿದವರ ಹಾಗೆ ನಕ್ಕರು. "ಒಬ್ಬೊಬ್ಬರ ಭಯಕ್ಕೆ ಒಂದೊಂದು ವ್ರತ ಮಾಮಿ. ನೋಡ್ಕೊಂಡು ಮಾಡೋದಲ್ಲ ಇದು, ಗುರುಮುಖೇನ ಆಗಬೇಕು. ಮಂಗಳವಾರ ನನ್ನ ಜೊತೆ ಬನ್ನಿ. ಗುರುಗಳು ಸಂಜೆ ಸಿಗ್ತಾರೆ, ಮೊದಲೇ ಟೋಕನ್ ತಗೋಬೇಕು."

ಉದ್ಯಾಪನೆ

ತಿಂಗಳುಗಳು ಉರುಳಿದವು. ಬಾಗಿಲ ಹಿಡಿ ಆಯಿತು, ಹಾಲಿನ ಪ್ಯಾಕೆಟ್ ಆಯಿತು, ಹೊರಗಿನ ಚಪ್ಪಲಿಯೂ ಆಯಿತು. ಕೈಗಳು ವಾಸಿಯಾಗಿ ಬಳೆ ಏರಿಸುವಂತಾದವು. ಆದರೆ ಮಗುವನ್ನು ಎತ್ತಿಕೊಳ್ಳುವುದು ಮಾತ್ರ ಆಗಿರಲಿಲ್ಲ. ಅದಕ್ಕೇನಾದರೂ ಆಗಿಬಿಟ್ಟರೆ ಅನ್ನುವ ಭಯ ಎಲ್ಲಕ್ಕಿಂತ ದೊಡ್ಡದಾಗಿ ಕೂತಿತ್ತು. ನನ್ನ ಮಗಳ ರಜೆಯೂ ಮುಗಿಯುತ್ತಾ ಬಂದಿತ್ತು, ಮುಂದಿನ ವಾರ ತಿರುವೊಟ್ಟಿಯೂರಿಗೆ ಹೊರಡಬೇಕು. ಕೋಪದಿಂದಲ್ಲ ಈಗ. ಆದರೂ ಅಜ್ಜಿ ಒಂದು ಸಲವೂ ಎತ್ತಿಕೊಳ್ಳಲಿಲ್ಲವಲ್ಲ ಅಂತ ಅವಳಿಗೆ ಸಂಕಟ.

"ವ್ರತ ಹಿಡಿದ ಮೇಲೆ ಉದ್ಯಾಪನೆ ಆಗಬೇಡ್ವೇ?" ಅಂದರು ಅತ್ತೆ. ಸೌಕಾರ್‌ಪೇಟೆಗೆ ನನ್ನನ್ನು ಓಡಿಸಿ ಒಳ್ಳೆಯ ಸೀರೆ ತರಿಸಿ, ಡಾಕ್ಟರಮ್ಮನನ್ನು ಭಾನುವಾರದ ಊಟಕ್ಕೆ ಕರೆದರು. ಸಂಕೋಚಪಟ್ಟುಕೊಂಡೇ ಬಂದರು ಪಾಪ. ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೀರೆ ಮಡಿಲಿಗೆ ಹಾಕಿ ಅತ್ತೆ, "ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಇಲ್ಲದಿದ್ರೆ ಕಾಲಿಗೆ ಬೀಳ್ತಿದ್ದೆ" ಅಂದರು. ಡಾಕ್ಟರಮ್ಮನ ಕಣ್ಣು ತುಂಬಿಬಂತು. ನಮ್ಮ ಯಜಮಾನರಂತೂ ಬಾಲ್ಕನಿಗೆ ಹೋಗಿ ಗಟ್ಟಿಯಾಗಿ ಮೂಗು ಸೀನಿಕೊಂಡರು.

ಆಮೇಲೆ ಅತ್ತೆ ತಮ್ಮ ರೇಷ್ಮೆ ಸೀರೆಯ ನೆರಿಗೆ ಸರಿ ಮಾಡಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತು, "ಕೊಡೇ ಕೂಸನ್ನ" ಅಂದರು.

ನನ್ನ ಮಗಳು ಡಾಕ್ಟರಮ್ಮನ ಮುಖ ನೋಡಿದಳು. "ಭಯ ಆಗ್ತಿದೆಯಾಮ್ಮಾ?" ಅಂದರು ಅವರು.

"ಪ್ರಾಣ ಹೋಗ್ತಿದೆ. ಹೋಗ್ಲಿ, ಕೊಡಿ."

ಮಗುವನ್ನು ಮಡಿಲಿಗೆ ಇಟ್ಟೆವು. ಅತ್ತೆ ಎರಡೂ ಕೈಯಿಂದ ಬಾಚಿ ಹಿಡಿದುಕೊಂಡರು. ಮಗು ಅವರನ್ನೇ ಪಿಳಿಪಿಳಿ ನೋಡಿತು, ಮೂಗುತಿ ಹಿಡಿಯಲು ಕೈ ಚಾಚಿತು, ಬೊಚ್ಚುಬಾಯಿ ಬಿಟ್ಟು ನಕ್ಕಿತು, ನಗುತ್ತಲೇ ಆ ರೇಷ್ಮೆ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದುಬಿಟ್ಟಿತು.

ರಾಮರಾಮಾ! ಯಜಮಾನರು ಬಕೆಟ್ಟಿಗೆ ಓಡಿದರು, ನಾನು ಟವೆಲ್ಲಿಗೆ ಓಡಿದೆ, ನನ್ನ ಮಗಳು "ಕೊಡಿ ಅಜ್ಜಿ, ಕೊಡಿ ಅಜ್ಜಿ" ಅಂತ ಕೈ ಚಾಚಿದಳು. ಇಷ್ಟು ತಿಂಗಳು ತೊಳೆಯಬೇಡಿ, ತೊಳೆಯಬೇಡಿ ಅಂತ ಜಪ ಮಾಡಿದ ಡಾಕ್ಟರಮ್ಮನೇ ಮಣೆಯಿಂದ ಎದ್ದು, "ಅಮ್ಮಾ, ಇದಕ್ಕೆ ಎಲ್ಲರೂ ತೊಳ್ಕೊಳ್ತಾರೆ! ಇದು ಕಾಯಿಲೆ ಅಲ್ಲ! ನಾನೇ ಹೇಳ್ತಿದೀನಿ, ಹೋಗಿ ಕೈ ತೊಳ್ಕೊಳ್ಳಿ!" ಅಂದರು.

ಅತ್ತೆ ಮಗುವನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದುಕೊಂಡು, ಡಾಕ್ಟರಮ್ಮನನ್ನೇ ಗದರಿಸಿದರು.

"ಸುಮ್ನಿರಮ್ಮಾ ನೀನು! ಕೈ ತೊಳೀಬೇಕು ಅಂದ್ರೆ ಕೂಸನ್ನ ಕೆಳಗೆ ಇಡಬೇಕಲ್ಲ!"