ಖೋಲಿಗೆ ಅಡ್ಡ ನಿಂತ ಬೇವಿನ ಗಿಡ

ಗಿಡಕ್ಕೊಂದು, ಗಾಳಿಗೊಂದು ಅಂತ ಸರಕಾರದವರು ಕಾನೂನು ಮಾಡಿದಾಗೆಲ್ಲ ಅದು ಎಲ್ಲೂ ನಿಲ್ಲದ ನೆಟ್ಟಗ ನಮ್ಮ ಮನಿಗೇ ಬರತಿತ್ತು. ಅಡವಿಗೆ ಅಡವಿನ ಕಡದವರ ಮನಿ ದಾರಿ ಅದಕ್ಕ ಗೊತ್ತಿರಲಿಲ್ಲ ಅಂತ ಕಾಣತದ.

ಎಂಬತ್ತರ ದಶಕದ ಮಾತು. ಕಲಘಟಗಿ ಹತ್ತಿರದ ಹಳ್ಳಿ ನಮ್ಮದು. ಮನ್ಯಾಗ ಇದ್ದದ್ದು ಒಂದ ಖೋಲಿ, ಒಂದು ಅಡಗಿಮನಿ. ಮಗನ ಮದಿವಿ ಗೊತ್ತಾತು. ಹೆಣ್ಣಿನ ತಂದಿ ಒಪ್ಪಿದರು, ಆದರ ಒಂದು ಮಾತು ಹಾಕಿದರು: "ಅಕ್ಕಾರ, ನನ್ನ ಮಗಳಿಗೆ ಬ್ಯಾರೆ ಖೋಲಿ ಬೇಕ್ರಿ. ಖೋಲಿ ಇಲ್ಲಂದ್ರ ಮದಿವಿನೂ ಇಲ್ಲ."

ಕಟ್ಟಾಕ ಜಾಗಾ ಇದ್ದದ್ದು ಅಂಗಳದಾಗ ಒಂದ. ಅಲ್ಲಿ ನಾನ ಹಚ್ಚಿದ ಬೇವಿನ ಗಿಡ ನಿಂತಿತ್ತು. ಕಡದ್ರ ಜಾಗಾನೂ ಆತು, ತೊಲಿ ಜಂತಿಗೆ ಕಟ್ಟಿಗಿನೂ ಆತು ಅಂತ ಕೊಡಲಿಗೆ ಸಾಣಿ ಹಿಡಿಸಿದೆ.

ಅರ್ಜಿ

ಪಂಚಾಯ್ತಿಯವರು ಅಂದರು, "ಖೋಲಿ ಕಟ್ರಿ, ಗಾಳಿ ಬೆಳಕಿಗೆ ಕಿಡಕಿ ಮಾತ್ರ ಇರಬೇಕು. ಗಿಡ ಕಡಿಯೂದಿದ್ರ ಕಲಘಟಗಿಗೆ ಹೋಗಿ ಫಾರೆಸ್ಟ್ ಆಫೀಸಿನ್ಯಾಗ ಕೇಳ್ರಿ."

ಮಗನ್ನ ಕರಕೊಂಡು ಬಸ್ ಹತ್ತಿದೆ. ಆಫೀಸಿನ ಕಾರಕೂನ ಕನ್ನಡಕದ ಮ್ಯಾಲಿಂದ ನೋಡಿದ. "ಗಿಡ ನಿಮ್ಮದಾದರೂ ಒಪ್ಪಿಗಿ ಇಲ್ಲದ ಕಡಿಯಂಗಿಲ್ಲವಾ."

"ನಾ ಹಡದ ಮಗನ ಮದಿವಿಗೆ ಯಾವ ಸಾಹೇಬರ ಒಪ್ಪಿಗೀನೂ ಕೇಳಲಿಲ್ಲ. ನಾ ಹಚ್ಚಿದ ಗಿಡಕ್ಕ ಕೇಳಬೇಕೇನ್ರಿ?"

"ಕಾನೂನು ಐತಿ. ಗಿಡಕ್ಕ ವಯಸ್ಸೆಷ್ಟು?"

ಮಗನ್ನ ಮುಂದ ದಬ್ಬಿದೆ. "ಇವನಷ್ಟರಿ. ಇವ ಹುಟ್ಟಿದ ವಾರದಾಗ ಹಚ್ಚೇನಿ."

ಆತ ಗಿಡದ ವಯಸ್ಸು ಬರಕೊಂಡ. "ಒಂದು ಕಡದ್ರ ಎರಡು ಹಚ್ಚಬೇಕು. ಮೊದಲ ಹಚ್ಚಿ ತೋರಸ್ರಿ, ಆಮ್ಯಾಲೆ ಒಪ್ಪಿಗಿ."

"ಆಗಲ್ರಿ. ಮೊಮ್ಮಗನ ಮದಿವಿಗೆ ಆ ಎರಡೂ ಕಡಿಯಾಕ ಕೇಳಾಕ ಬರತೇನಿ. ಆವಾಗ ನಾಕು ಹಚ್ಚು ಅನ್ನಾಕ ನೀವ ಇರ್ರಿ."

ಎರಡು ಸಸಿ

ಸಸಿ ಹಚ್ಚಿದೆ. ನಾಕ ದಿನಕ್ಕ ನಮ್ಮ ಆಡು ಎರಡನ್ನೂ ಮೇಯ್ದು ನನ್ನ ಮಾರಿ ನೋಡಿಕೋತ ನಿಂತಿತ್ತು. ಅವತ್ತ ಫಾರೆಸ್ಟ್ ಗಾರ್ಡ್ ತನಿಖಿಗೆ ಬಂದಾನ ಅಂತ ಓಣ್ಯಾಗ ಸುದ್ದಿ!

ಏನ ಮಾಡಲಿ? ಅದ ಬೇವಿನ ಗಿಡದ ಎರಡು ಟೊಂಗಿ ಮುರದು, ನೆಲಕ್ಕ ಚುಚ್ಚಿ, ಒಂದೊಂದು ತಂಬಿಗಿ ನೀರು ಹಾಕಿದೆ. ಗಾರ್ಡ್ ಬಂದವನ, "ಭಾಳ ಛಲೋ ಚಿಗತಾವಲ್ಲವಾ!" ಅಂದ. ನನ್ನ ಜೀವ ಹಗುರಾತು. ಅಷ್ಟರಾಗ ಆ ಪುಣ್ಯಾತ್ಮ ಪ್ರೀತಿಲೆ ಒಂದನ್ನ ಹಿಡದು ಅಲುಗಾಡಿಸಿದ. ಕೈಯಾಗ ಕಿತ್ತು ಬಂತು.

ಹಿಂದ ಮುಂದ ತಿರುವಿ ನೋಡಿ ಕೇಳಿದ, "ಅವ್ವಾ, ಇದರ ಬೇರೆಲ್ಲಿ?"

"ಬೇರು ಆ ದೊಡ್ಡ ಗಿಡದಾಗ ಐತೆಪಾ. ಕಡಿಯಾಕ ಒಪ್ಪಿಗಿ ಕೊಡು, ತಗದ ತೋರಸ್ತೇನಿ."

ಕೆಂಪು ಗುರುತು

ಗಾರ್ಡ್ ನಕ್ಕು ನಕ್ಕು ಸುಸ್ತಾಗಿ, ಮರುದಿನ ತಾನ ಎರಡು ಸಸಿ ತಂದು ಹಚ್ಚಿ, ಸುತ್ತ ಜಾಲಿಮುಳ್ಳ ಬೇಲಿ ಹಾಕಿದ. ಒಪ್ಪಿಗಿ ಬಂತು. ಕಡಿಯೂ ಗಿಡ ಇದ ಅಂತ ಬೊಡ್ಡಿಗೆ ಕೆಂಪು ಬಣ್ಣದ ದೊಡ್ಡದೊಂದು ಬೊಟ್ಟು ಬಳದು ಹೋದ.

ಮದಿವಿಗೆ ಇನ್ನೂ ಒಂದು ತಿಂಗಳು ಇತ್ತು. ನಾನೂ ನಮ್ಮ ಯಜಮಾನರೂ ಜಮಖಾನಿ ತರಾಕ ನವಲಗುಂದಕ್ಕ ಹೋದ್ವಿ. ಮಂಗಳವಾರ ತಿರುಗಿ ಬಂದು ನೋಡತೇವಿ, ಅಂಗಳದ ತುಂಬ ಹೆಣ್ಮಕ್ಕಳು! ಬೇವಿನ ಗಿಡ, ಮ್ಯಾಲೆ ಕೆಂಪು ಬೊಟ್ಟು, ಅದರಾಗ ಮಂಗಳವಾರ. ಮತ್ತೇನ ಬೇಕು? ಬೊಟ್ಟಿನ ಮ್ಯಾಲೆ ಅರಿಶಿಣದ ಭಂಡಾರ ಏರಿತ್ತು, ಬೊಡ್ಡಿಗೆ ಹಸರ ಸೀರಿ ಉಡಿಸಿ ಉಡಿ ತುಂಬಿದ್ದರು. ಕಡಿಯಾಕ ಬಂದ ಆಳು ಕೊಡಲಿ ಕೆಳಗಿಟ್ಟು ಕೈ ಮುಗದು ನಿಂತಿದ್ದ. "ನನ್ನ ಕಡಿಂದ ಆಗೂದಿಲ್ಲವಾ. ನನಗೂ ಮಕ್ಕಳದಾವು."

ಓಡಿ ಹೋಗಿ ಗಾರ್ಡ್‌ನ ಕರಕೊಂಡು ಬಂದೆ. ಆತ ಒದರಿದ, "ಅದು ದೇವರಲ್ಲರ್ಯೋ! ನಾ ಬಳದ ಬಣ್ಣ!"

ಬಾಜೂ ಮನಿ ಮುದುಕಿ ಕೇಳಿದಳು, "ನೀ ಬಳದಿ ಖರೆ. ನಿನ್ನ ಕೈಲೆ ಬಳಿಸಿದಾಕಿ ಯಾರಪಾ?"

ಗಾರ್ಡ್ ತನ್ನ ಕೈ ತಾನ ಒಂದ ಸಲ ನೋಡಿಕೊಂಡ. ಟೊಪ್ಪಿಗಿ ತಗದ. ಕಾಯಿ ಒಡಿಸಿಕೊಂಡು ಹೋದ.

ಅದ ಹೊತ್ತಿಗೆ ಹೆಣ್ಣಿನ ತಂದಿ ಖೋಲಿ ನೋಡಾಕ ಬಂದರು. ಖೋಲಿಯಿಲ್ಲ, ಗ್ವಾಡಿಯಿಲ್ಲ, ಅಂಗಳದಾಗ ಸೀರಿ ಉಟ್ಟ ಗಿಡ. ಮದಿವಿ ಮುರೀತು ಅಂದಕೊಂಡೆ. ಬೀಗರು ಚಪ್ಪಲಿ ಬಿಟ್ಟರು, ಅಡ್ಡ ಬಿದ್ದರು, ಕಣ್ಣಿಗೆ ನೀರು ತಂದರು.

"ಅಕ್ಕಾರ, ತಾಯಿ ನೆಲಿಸಿದ ಮನಿಗೆ ಹೆಣ್ಣು ಕೊಡಾಕ ಪುಣ್ಯಾ ಮಾಡಿರಬೇಕು."

"ಖೋಲಿದು ಹೆಂಗ್ರಿ?" ಅಂದೆ, ಅಂಜಿಕೋತ.

"ಅಕಿ ಮುಂದ ಖೋಲಿ ಮಾತು ಯಾಕ್ರಿ? ಬಿಡ್ರಿ!"

ಎಲ್ಲಾರೂ ಖುಷಿ. ನನ್ನ ಮಗ ಒಬ್ಬನ ಮಾರಿ ಸಣ್ಣದು ಮಾಡಿಕೊಂಡು ನನ್ನ ಬಾಜೂಕ ಬಂದ. "ಬೇ ಅವ್ವಾ, ತಾಯಿಗೆ ಅಂಗಳ ಆತು, ಮಾವಗ ಪುಣ್ಯಾ ಆತು. ನಾವಿಬ್ಬರೂ ಮಲಗೂದೆಲ್ಲಿ?"

ನಾ ಬಾಯಿ ತಗಿಯೂದ್ರಾಗ ನಮ್ಮ ಯಜಮಾನರು ಒಳಗ ಹೋದರು. ತಮ್ಮ ಹಾಸಿಗಿ ಸುತ್ತಿ ಬಗಲಾಗ ಹಿಡಕೊಂಡು ಹೊರಗ ಬಂದು, ಬೇವಿನ ಗಿಡದ ಬುಡಕ ಹಾಸಿ ಕುಂತರು.

"ತಗೋಳಪಾ, ಖೋಲಿ ನಿಂದ," ಅಂದರು. "ನಾ ಇವತ್ತಿಂದ ಪೂಜಾರಿ."