ಫಿದೆನ್ಸಿಯೊನ ಹೆಬ್ಬೆರಳು

ಎಲ್ಲಕ್ಕೂ ಕಾರಣ ಒಂದು ಸಿಹಿ ಬ್ರೆಡ್ಡು.

ಒಹಾಕಾ ಬೆಟ್ಟದ ಸಾಂತಾ ಪೊಲೊನಿಯಾ ಎಂಬ ಹಳ್ಳಿಯಲ್ಲಿ ಚಪ್ಪಲಿ ಹೊಲಿದು ಬದುಕುವ ಫಿದೆನ್ಸಿಯೊ, ಅಂಟು ಕೊಳ್ಳಲೆಂದು ಆ ಭಾನುವಾರ ಬೆಳಿಗ್ಗೆ ಪೇಟೆಗೆ ಇಳಿದಿದ್ದ. ಅದು ಚುನಾವಣೆಯ ದಿನ. ಬೇಕರಿಯ ಮುಂದೆ ಬೋರ್ಡು ತೂಗುತ್ತಿತ್ತು: ಓಟಿನ ಶಾಯಿ ಹಚ್ಚಿದ ಹೆಬ್ಬೆರಳು ತೋರಿಸಿದವರಿಗೆ ಕಾಫಿ, ಬ್ರೆಡ್ಡು ಪುಕ್ಕಟೆ. ಒಳಗಿನಿಂದ ದಾಲ್ಚಿನ್ನಿಯ ವಾಸನೆ ಬಂತು. ಫಿದೆನ್ಸಿಯೊ ಎದುರಿನ ಶಾಲೆಗೆ ನುಗ್ಗಿ ಓಟು ಹಾಕಿದ, ಬಂದು ಬ್ರೆಡ್ಡು ತಿಂದ. ಕೊನೆಯ ತುತ್ತು ಗಂಟಲಿಳಿಯುವಾಗ ಊರಿನ ತೀರ್ಮಾನ ನೆನಪಾಯಿತು.

ಹಿಂದಿನ ವಾರವಷ್ಟೇ ಊರ ಸಭೆ ಕೈಯೆತ್ತಿ ನಿರ್ಧರಿಸಿತ್ತು, ರಸ್ತೆ ಮಾಡಿಸದ ಸರ್ಕಾರಕ್ಕೆ ಓಟಿಲ್ಲ ಎಂದು. ಮತಪೆಟ್ಟಿಗೆಯನ್ನು ಊರೊಳಗೇ ಬಿಟ್ಟಿರಲಿಲ್ಲ. ಅಧಿಕಾರಿಗಳು ಅದನ್ನು ಪೇಟೆಯ ಶಾಲೆಯಲ್ಲಿಟ್ಟುಕೊಂಡು ನೊಣ ಹೊಡೆಯುತ್ತಿದ್ದರು. ಸಭೆಯ ಮಾತು ಮೀರಿದವರ ಮನೆಯ ನಲ್ಲಿ ಕತ್ತರಿಸುವುದು ಪದ್ಧತಿ. ಆ ನಲ್ಲಿ ಬರುವವರೆಗೆ ಹಳ್ಳದಿಂದ ನೀರು ಹೊತ್ತು ಸೊಂಟ ಬೀಳಿಸಿಕೊಂಡಿದ್ದ ಹೆಂಡತಿ ಒತೀಲಿಯಾ ಮೊದಲೇ ಹೇಳಿಟ್ಟಿದ್ದಳು: "ಈ ನಲ್ಲಿ ನಿಂತ ದಿನ ನಾನು ಅಮ್ಮನ ಮನೇಲಿರ್ತೀನಿ." ಅವಳು ಅಂದದ್ದನ್ನು ಮಾಡದೆ ಬಿಟ್ಟವಳಲ್ಲ.

ಕೈಯನ್ನು ಜೇಬಿನಲ್ಲಿ ಹುದುಗಿಸಿಕೊಂಡು ಫಿದೆನ್ಸಿಯೊ ಬೆಟ್ಟ ಹತ್ತಿದ. ಹಸಿ ಶಾಯಿ ಪ್ಯಾಂಟಿಗೆ ಹತ್ತಿ ಚಡ್ಡಿಯವರೆಗೂ ಇಳಿದಿತ್ತು. ಪುಣ್ಯಕ್ಕೆ ಒತೀಲಿಯಾ ಮನೆಯಲ್ಲಿರಲಿಲ್ಲ. ಬಾಗಿಲಿಗೆ ಅಗುಳಿ ಹಾಕಿ ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದ. ಶಾಯಿ ಇನ್ನಷ್ಟು ಹೊಳೆಯಿತು. ಬಟ್ಟೆ ಒಗೆಯುವ ಬ್ಲೀಚು ಸುರಿದ. ಪ್ಯಾಂಟಿನ ಕಲೆ ಹೋಯಿತು, ಜೊತೆಗೆ ಪ್ಯಾಂಟಿನ ಬಣ್ಣವೂ ಹೋಯಿತು. ಬೆರಳು ಮಾತ್ರ ಬದನೆಕಾಯಿಯಂತೆಯೇ ಉಳಿಯಿತು.

ಬೇಲಿಯಾಚೆಯಿಂದ ನೆರೆಮನೆಯ ಮುದುಕಿ ದೋನ್ಯಾ ಬ್ರಿಹಿದಾ ಅವನ ಕಿಟಕಿಯತ್ತ ಮೂಗು ಅರಳಿಸಿದಳು.

"ಏನಯ್ಯಾ ಫಿದೆನ್ಸಿಯೊ, ಊರಿಗೆಲ್ಲ ಘಾಟು ಹೊಡೀತಿದೆ?"

"ಏನಿಲ್ಲ ದೋನ್ಯಾ, ಒಂದು ಚರ್ಮದ ಮೇಲೆ ಶಾಯಿ ಬಿದ್ದಿದೆ. ಹೇಗೆ ತೆಗೆಯೋದು?"

"ಸತ್ತ ಚರ್ಮವೋ, ಬದುಕಿರೋ ಚರ್ಮವೋ?"

"ಸ... ಸತ್ತದ್ದೇ!"

"ಹಾಗಾದ್ರೆ ಕೆರೆದು ಬಿಸಾಕು. ಅದಕ್ಕೇನು ನೋವಾಗತ್ತಾ?"

ಮಧ್ಯಾಹ್ನ ಬೀದಿಯಲ್ಲಿ ಗದ್ದಲವೆದ್ದಿತು. ಯಾರೋ ಬಾಗಿಲು ದಬದಬ ಬಡಿದರು. "ಫಿದೆನ್ಸಿಯೊ! ಹೊರಗೆ ಬಾರೋ! ಎಲ್ಲರೂ ಕಾಯ್ತಿದ್ದಾರೆ!" ಅದು ಊರ ಯಜಮಾನ ದೋನ್ ಎಲಾದಿಯೊನ ಧ್ವನಿ. ತಾನು ಓಟು ಹಾಕಿದ ಸುದ್ದಿ ಮುಟ್ಟಿಬಿಟ್ಟಿದೆ ಎಂದುಕೊಂಡ ಫಿದೆನ್ಸಿಯೊ. ಮಂಚದಡಿ ತೂರಿ ಉಸಿರು ಬಿಗಿಹಿಡಿದ. "ಇವನೆಲ್ಲಿ ಸತ್ತನೋ" ಎಂದು ಬೈದುಕೊಂಡು ಅವರು ಹೋದರು. ಆಮೇಲೆ ಲಾರಿಯ ಸದ್ದು ಕೇಳಿತು, ಬೀದಿ ನಿಶ್ಶಬ್ದವಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಚಪ್ಪಲಿಯ ಅಟ್ಟೆ ಉಜ್ಜುವ ಅರ ತೆಗೆದುಕೊಂಡು, ಬಾಯಿಗೆ ಬಟ್ಟೆ ತುರುಕಿಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳನ್ನು ತೀಡಿದ. ಕಣ್ಣಲ್ಲಿ ನೀರು ಧಾರಾಕಾರ. ಹೊತ್ತು ಇಳಿಯುವಷ್ಟರಲ್ಲಿ ಶಾಯಿಯೂ ಹೋಯಿತು, ಬೆರಳ ಗೆರೆಗಳೂ ಹೋದವು. ಹೆಬ್ಬೆರಳು ಸುಲಿದ ಬೀಟ್‌ರೂಟಿನಂತೆ ಕೆಂಪಗೆ ಹೊಳೆಯಿತು. ಅವನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಸಭೆಯ ಗಂಟೆ ಮೊಳಗಿತು. ಫಿದೆನ್ಸಿಯೊ ಧೈರ್ಯವಾಗಿ ಹೋಗಿ ಮುಂದಿನ ಸಾಲಿನಲ್ಲೇ ನಿಂತ.

"ಎಲ್ಲರೂ ಹೆಬ್ಬೆರಳು ಎತ್ತಿ!" ಎಂದ ದೋನ್ ಎಲಾದಿಯೊ.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ ಎತ್ತಿದವನು ಫಿದೆನ್ಸಿಯೊ. ಆಮೇಲೆ ಸುತ್ತ ನೋಡಿದ. ಕಣ್ಣು ಹಾಯಿಸಿದಲ್ಲೆಲ್ಲ ನೇರಳೆ ಹೆಬ್ಬೆರಳುಗಳು. ಬ್ರಿಹಿದಾಳದ್ದೂ ನೇರಳೆ, ಅವನ ಹೆಂಡತಿಯದ್ದೂ ನೇರಳೆ.

"ಮಧ್ಯಾಹ್ನ ಇಂಜಿನಿಯರು ರಸ್ತೆ ಅಗೆಯೋ ಯಂತ್ರ ತಂದು ನಿಲ್ಲಿಸಿದ. ಸಭೆ ಮನಸ್ಸು ಬದಲಾಯಿಸ್ತು, ಇಡೀ ಊರು ಲಾರಿ ಹತ್ತಿ ಓಟು ಹಾಕಿ ಬಂತು," ಎಂದ ಯಜಮಾನ. "ನಿನ್ನ ಬಾಗಿಲನ್ನೂ ಬಡಿದ್ವಿ. ಊರಿಗೆಲ್ಲ ರಸ್ತೆ ಬೇಕು, ನಿನಗೊಬ್ಬನಿಗೆ ಬೇಡವೇನೋ?"

ಫಿದೆನ್ಸಿಯೊ ಜೇಬಿನಿಂದ ಮತದಾರರ ಕಾರ್ಡು ಕಿತ್ತು ಮುಂದೆ ಹಿಡಿದ. "ದೇವರಾಣೆ ನಾನೂ ಹಾಕಿದೀನಿ! ನೋಡಿ, ಕಾರ್ಡಿನಲ್ಲಿ ಗುರುತಿದೆ!"

ದೋನ್ ಎಲಾದಿಯೊ ಕಾರ್ಡನ್ನು ತಿರುಗಿಸಿ ನೋಡಿದ. "ಗುರುತೇನೋ ಇದೆ. ಆದ್ರೆ ಲಾರೀಲಿ ನೀನಿರಲಿಲ್ವಲ್ಲ. ಯಾವಾಗ ಹಾಕಿದೆ?"

"ಬೆಳಿಗ್ಗೆ."

"ಬೆಳಿಗ್ಗೆ ಊರಿನ ಮಾತು ಏನಿತ್ತು?"

ಹಿರಿಯರು ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿದರು. ತಪ್ಪೊಪ್ಪಿಗೆಯ ಕಾಗದ ಬಂತು, ಅದರ ಜೊತೆಗೆ ನೇರಳೆ ಶಾಯಿಯ ಪ್ಯಾಡೂ ಬಂತು. ಹಸಿ ಮಾಂಸಕ್ಕೆ ಶಾಯಿ ತಾಕಿದ್ದೇ ತಡ, ಅವನು ಕಿಟಾರನೆ ಕಿರುಚಿದ.

"ಗೆರೆನೇ ಮೂಡ್ತಿಲ್ವಲ್ಲ," ಎಂದು ಸಭೆಯ ಗುಮಾಸ್ತ ಗೊಣಗಿದ. "ಇನ್ನೊಂದ್ಸಲ ಒತ್ತು. ಇನ್ನೂ ಜೋರಾಗಿ!"

ಬೆರಳು ಬುಡದವರೆಗೂ ನೇರಳೆಯಾಯಿತು. ಆಗ ಯಜಮಾನ ತೀರ್ಪು ಓದಿದ: "ಈ ಶಾಯಿ ತಾನಾಗಿ ಮಾಸೋವರೆಗೆ ಇವನ ಮನೆ ನಲ್ಲಿ ಬಂದ್. ಉಜ್ಜಿದ್ರೆ ಮತ್ತೆ ಹಚ್ತೀವಿ."

ಫಿದೆನ್ಸಿಯೊ ಹೆಂಡತಿಗಾಗಿ ತಿರುಗಿ ನೋಡಿದ. ಒತೀಲಿಯಾ ಆಗಲೇ ಅಮ್ಮನ ಮನೆಯ ದಾರಿ ಹಿಡಿದಿದ್ದಳು.